ಬೇರೆ ಬರಿಯವಳ ರಕ್ತ

ನನ್ನ ತಂಗಿಯ ಗಂಡುಮಗುವಿನ ಹೊಕ್ಕುಳು ಸರಿಯಿಲ್ಲವೆಂದು ಮನೆಯಲ್ಲಿ ಮೊದಲು ಹೇಳಿದವಳು ನನ್ನ ಹೆಂಡತಿ. ಹೇಳಿದ್ದು ನನ್ನೊಬ್ಬನಿಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಅಮ್ಮನ ಕಿವಿಗೆ ಬೀಳದ ಹಾಗೆ.

"ಮೂರು ವಾರ ಆಯ್ತು, ಬಳ್ಳಿ ಇನ್ನೂ ಬೀಳಲಿಲ್ಲ. ಸುತ್ತ ಕೆಂಪಾಗಿ ಉಂಟು, ಕೀವು ಮಾತ್ರ ಇಲ್ಲ. ನಮ್ಮದಕ್ಕೂ ಹಾಗೇ ಇತ್ತಲ್ಲ," ಎಂದಳು.

ನಮ್ಮದು ಎಂದರೆ ನಮ್ಮ ಹೆಣ್ಣುಮಗು. ಕೆಲವು ವರ್ಷಗಳ ಹಿಂದೆ, ಹುಟ್ಟಿದ ತಿಂಗಳೊಳಗೇ ಹೋಯಿತು. ಹೊಕ್ಕುಳಿನಿಂದ ಶುರುವಾದ ಜ್ವರ ಇಳಿಯಲೇ ಇಲ್ಲ. ಜ್ವರ ಬಿಡಲಿ ಎಂದು ಹೆಸರಿಡುವ ಶಾಸ್ತ್ರವನ್ನು ಮುಂದಕ್ಕೆ ಹಾಕಿದ್ದೆವು, ಆ ದಿನ ಬರಲಿಲ್ಲ. ಆಸ್ಪತ್ರೆಯವರು ನಂಜು ಎಂದರು. ಅಮ್ಮ ಬೇರೆ ಕಾರಣ ಹುಡುಕಿದಳು. ಮಗುವಿನ ಹೊಕ್ಕುಳಿಗೆ ಎಣ್ಣೆ ಮುಟ್ಟಿಸುತ್ತಿದ್ದವಳು ಸೊಸೆ, ಬಟ್ಟೆ ಬದಲಿಸುತ್ತಿದ್ದವಳು ಸೊಸೆ. "ಕೆಲವರ ಕೈಗುಣವೇ ಹಾಗೆ, ಎಂತ ಮಾಡುವುದು," ಎಂದು ಅಮ್ಮ ಬಂದವರೊಬ್ಬರ ಹತ್ತಿರ ಹೇಳಿದಳು. ನಾನು ಕೈಯಲ್ಲಿದ್ದ ಊಟದ ಬಟ್ಟಲನ್ನು ಅಂಗಳಕ್ಕೆ ಎಸೆದು ಬೊಬ್ಬೆ ಹಾಕಿದೆ. ಬಟ್ಟಲು ನೆಗ್ಗಿತೇ ಹೊರತು ಆಡಿದ ಮಾತು ಹಿಂದಕ್ಕೆ ಹೋಗಲಿಲ್ಲ. ಹೆಂಡತಿ ಆಮೇಲೆ ಇನ್ನೊಂದು ಮಗು ಬೇಡವೆಂದಳು. ಯಾಕೆ ಎಂದು ನಾನು ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ.

ಹೀಗಾಗಿ ತಂಗಿ ತನ್ನ ದೊಡ್ಡ ಮಗಳನ್ನು ಕರೆದುಕೊಂಡು ಎರಡನೆಯ ಬಾಣಂತನಕ್ಕೆ ಮಂಗಲ್ಪಾಡಿಯ ನಮ್ಮ ಮನೆಗೆ ಬಂದಾಗ ಅಮ್ಮ ಬಾಯಿಬಿಟ್ಟು ಏನೂ ಹೇಳದೆಯೇ ಒಂದು ಕಟ್ಟಳೆ ಜಾರಿಗೆ ಬಂತು. ನನ್ನ ಹೆಂಡತಿ ನೀರು ಕಾಯಿಸಬಹುದು, ಬಾಣಂತಿಗೆ ಗಂಜಿ ಮಾಡಬಹುದು, ರಾಶಿ ಬಟ್ಟೆ ಒಗೆಯಬಹುದು. ಮಗುವನ್ನು ಎತ್ತುವ ಹಾಗಿಲ್ಲ. ಅವಳು ಹತ್ತಿರ ಬಂದರೆ ಅಮ್ಮ ಏನಾದರೊಂದು ನೆಪ ತೆಗೆದು ಮಗುವನ್ನು ತಾನೇ ಎತ್ತಿಕೊಳ್ಳುತ್ತಿದ್ದಳು. ತಂಗಿಗೆ ಅದು ಕಾಣುತ್ತಿತ್ತು. ಅವಳು ಮುಖ ತಿರುಗಿಸಿ ಗೋಡೆ ನೋಡುತ್ತಿದ್ದಳು. ಹೆಂಡತಿ ಮಗುವಿನ ಹೊಕ್ಕುಳನ್ನು ನೋಡಿದ್ದು ಕೂಡ ಬಚ್ಚಲಿನ ಬಾಗಿಲಲ್ಲಿ ಬಿಸಿನೀರಿನ ಕೊಡಪಾನ ಹಿಡಿದು ನಿಂತಾಗಲೇ.

ನಾನು ಅಂಗಳ ದಾಟಿ ನೇರ ಅಮ್ಮನ ಎದುರು ಹೋಗಿ ನಿಂತೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು.

"ಮಗುವನ್ನು ಈಗಲೇ ಮಂಗಳೂರಿಗೆ ಕರ್ಕೊಂಡು ಹೋಗ್ಬೇಕು."

"ಎಂತಕ್ಕೆ? ಗಟ್ಟಿ ಹೊಕ್ಕುಳು ಮಗಾ ಅದು. ಬೀಳುವಾಗ ಬೀಳ್ತದೆ. ನಿನ್ನದೇ ಎಷ್ಟು ದಿನ ಇತ್ತು ಗೊತ್ತುಂಟಾ?"

"ನನ್ನ ಹೊಕ್ಕುಳಿನ ಪುರಾಣ ಬೇಡ. ಹೊರಡು."

"ಯಾರು ಹೇಳಿದ್ದು ನಿನಗೆ?" ಎಂದು ಕೇಳಿ ಅಮ್ಮ ಒಗೆಯುವ ಕಲ್ಲಿನ ಕಡೆ ನೋಡಿದಳು. ಅಷ್ಟರಲ್ಲಿ ತಂಗಿ ಒಳಗಿನಿಂದ ಮಗುವನ್ನು ಸುತ್ತಿಕೊಂಡು ಬಂದಳು. "ನಾನು ಹೋಗ್ತೇನೆ ಅಣ್ಣ, ಕಾರು ತೆಗಿ," ಎಂದಳು. ಅವಳ ಗಂಡ ದುಬೈಯಲ್ಲಿ. ಕೇಳಲು ಬೇರೆ ಯಾರೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಒಬ್ಬರು ನಡುವಯಸ್ಸಿನ ಹೆಂಗಸು. ರಕ್ತದ ವರದಿ ನೋಡಿ ಮತ್ತೊಮ್ಮೆ ರಕ್ತ ತೆಗೆಸಿದರು, ಅದನ್ನೂ ನೋಡಿದರು. ಬಿಳಿ ರಕ್ತಕಣಗಳು ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿವೆ ಎಂದರು. ರೋಗಾಣುವಿನ ಜೊತೆ ಹೊಡೆದಾಡುವ ಕಣಗಳು ಅವು ಎಂದು ನನಗೂ ಗೊತ್ತಿತ್ತು.

"ಹೆಚ್ಚಿದ್ದರೆ ಒಳ್ಳೆಯದಲ್ವಾ ಡಾಕ್ಟ್ರೇ?"

"ರಕ್ತದಲ್ಲಿ ಬೇಕಾದಷ್ಟು ಉಂಟು. ಗಾಯಕ್ಕೆ ಒಂದೂ ಬರ್ತಾ ಇಲ್ಲ. ಅದಕ್ಕೇ ಕೀವಿಲ್ಲ, ಅದಕ್ಕೇ ಬಳ್ಳಿ ಬೀಳ್ತಾ ಇಲ್ಲ," ಎಂದರು ಅವರು.

ಅವರು ವಿವರಿಸಿದ್ದನ್ನು ನಾನು ನನ್ನ ಬುದ್ಧಿಗೆ ತಕ್ಕ ಹಾಗೆ ಅರ್ಥ ಮಾಡಿಕೊಂಡೆ. ಹೊಸಂಗಡಿಯಲ್ಲಿ ನನ್ನದು ಪೈಪು, ಪಂಪುಸೆಟ್ಟಿನ ಅಂಗಡಿ. ಹೆದ್ದಾರಿ ಅಗಲವಾದ ಮೇಲೆ ಬಸ್ಸುಗಳು ಮೇಲಿನ ರಸ್ತೆಯಲ್ಲಿ ಜನ ತುಂಬಿಕೊಂಡು ಭರ್ರನೆ ಹೋಗುತ್ತವೆ, ನಮ್ಮ ಕಡೆ ಇಳಿಯಬೇಕಾದವನಿಗೆ ಇಳಿಯಲು ದಾರಿಯಿಲ್ಲ. ಈ ಮಗುವಿನ ರಕ್ತನಾಳದಲ್ಲಿ ಬಿಳಿ ಕಣಗಳ ಅವಸ್ಥೆ ಅದೇ. ನಾಳದ ಗೋಡೆಗೆ ಅಂಟಿ ನಿಂತು ಹೊರಗೆ ಇಳಿಯಲು ಕಣದ ಮೈಮೇಲೆ ಒಂದು ಪ್ರೋಟೀನು ಬೇಕು. ಸಿಡಿ ಹದಿನೆಂಟು ಎನ್ನುತ್ತಾರಂತೆ. ಹುಟ್ಟುವಾಗಲೇ ಅದಿಲ್ಲದಿದ್ದರೆ ಸಣ್ಣ ಗಾಯವೂ ಪ್ರಾಣ ತೆಗೆಯುತ್ತದೆ.

ಅದು ಇದೆಯೋ ಇಲ್ಲವೋ ನೋಡಲು ಒಂದು ಪರೀಕ್ಷೆ. ಆ ಪ್ರೋಟೀನನ್ನು ಬಿಟ್ಟರೆ ಬೇರೆ ಯಾವುದಕ್ಕೂ ಅಂಟದ ಪ್ರತಿಕಾಯವೊಂದನ್ನು ತಯಾರಿಸಿ, ಅದಕ್ಕೆ ಹೊಳೆಯುವ ಬಣ್ಣ ಕಟ್ಟಿ ರಕ್ತಕ್ಕೆ ಬೆರೆಸುತ್ತಾರೆ. ಪ್ರೋಟೀನು ಇದ್ದ ಕಣ ಯಂತ್ರದಲ್ಲಿ ಹೊಳೆಯುತ್ತದೆ, ಇಲ್ಲದ್ದು ಕತ್ತಲೆ. ಹೊಳೆದರೆ ಇದು ಬೇರೇನೋ ಸಾಮಾನ್ಯ ನಂಜು, ಮಗು ಗುಣವಾಗಿ ಮನೆಗೆ ಬರುತ್ತದೆ. ಹೊಳೆಯದಿದ್ದರೆ ಔಷಧಿಯಿಂದ ವಾಸಿಯಾಗುವ ಕಾಯಿಲೆಯಲ್ಲ, ಬೇರೆಯವರ ಅಸ್ಥಿಮಜ್ಜೆ ಹಾಕಬೇಕು, ಅದೂ ಬೇಗ. ತಂಗಿ ಇದನ್ನೆಲ್ಲ ಮಗುವಿನ ಕಾಲು ಹಿಡಿದುಕೊಂಡು ಕೇಳಿದಳು.

ಪರೀಕ್ಷೆ ಮಾಡುವ ಲ್ಯಾಬು ದೂರದ ಊರಿನಲ್ಲಿತ್ತು. ಮಗುವಿನ ರಕ್ತದ ಜೊತೆ ಆರೋಗ್ಯವಂತರೊಬ್ಬರ ರಕ್ತವನ್ನೂ ಕಳಿಸಬೇಕೆಂದರು ಡಾಕ್ಟರು. ದಾರಿಯಲ್ಲಿ ಕೆಟ್ಟರೆ ಎರಡೂ ಕೆಡುತ್ತವೆ, ಆರೋಗ್ಯವಂತರ ಕಣಗಳು ಚೆನ್ನಾಗಿ ಹೊಳೆದರೆ ಮಗುವಿನ ಫಲಿತಾಂಶವನ್ನು ನಂಬಬಹುದು. "ಮಗುವಿಗೆ ರಕ್ತಸಂಬಂಧ ಇಲ್ಲದವರು ಆಗ್ಬೇಕು. ನೆನಪಿರಲಿ," ಎಂದು ಎರಡು ಸಲ ಹೇಳಿದರು.

ನಾನು ಅಮ್ಮನಿಗೆ ಫೋನು ಮಾಡಿದೆ. ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ.

"ನಿನ್ನ ಹೆಂಡತಿಯನ್ನು ಕಳಿಸ್ತೇನೆ. ಅವಳು ಬೇರೆ ಬರಿ ಅಲ್ವಾ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಮನೆಯಲ್ಲಿ ತುಳು ಮಾತಾಡುವವರು, ನಮ್ಮಲ್ಲಿ ಕುಲದ ಲೆಕ್ಕ ತಾಯಿಯ ಕಡೆಯಿಂದ. ಅದಕ್ಕೆ ಬರಿ ಎನ್ನುತ್ತೇವೆ. ತಾಯಿಯ ಬರಿಯೇ ಮಕ್ಕಳ ಬರಿ. ಒಂದೇ ಬರಿಯವರು ಎಷ್ಟು ದೂರದವರಾದರೂ ಅಣ್ಣ ತಂಗಿಯ ಲೆಕ್ಕ, ಮದುವೆಯ ಮಾತೇ ಇಲ್ಲ. ಸೋದರಮಾವನ ಮಕ್ಕಳು ತಮ್ಮ ತಾಯಿಯ ಬರಿಗೆ ಸೇರಿದವರಾದ್ದರಿಂದ ಅವರನ್ನು ಮದುವೆಯಾಗಲು ಅಡ್ಡಿಯಿಲ್ಲ, ಮೊದಲ ಹಕ್ಕೇ ಉಂಟು. ಅಮ್ಮ ತನ್ನ ಅಣ್ಣನ ಮಗಳನ್ನು ನನಗೆ ತಂದಳು, ಅವಳ ತಮ್ಮನಿಗೆ ನನ್ನ ತಂಗಿಯನ್ನು ಕೊಟ್ಟಳು. ಎರಡೂ ಮದುವೆ ಒಂದೇ ಚಪ್ಪರದಲ್ಲಿ ಆದವು. ಮಗುವಿಗೆ ನನ್ನ ಹೆಂಡತಿ ತಂದೆಯ ಸ್ವಂತ ಅಕ್ಕ. ಆದರೂ ಅಮ್ಮನ ಲೆಕ್ಕದಲ್ಲಿ ಮಗು ನಮ್ಮ ಬರಿ, ಅವಳು ಬೇರೆ ಬರಿ, ಆದ್ದರಿಂದ ಸಂಬಂಧ ಉಂಟು, ರಕ್ತವಿಲ್ಲ. ನಿಜ ಹೇಳುತ್ತೇನೆ, ಕೇಳಿದಾಗ ನನಗೂ ಸರಿಯೆಂದೇ ಅನಿಸಿತು. ಹುಟ್ಟಿದಂದಿನಿಂದ ನೆಂಟರನ್ನು ಎಣಿಸಿದ್ದು ಹಾಗೆಯೇ. ತಂಗಿಯೂ "ಅತ್ತಿಗೆ ಆಗ್ತದೆ" ಎಂದಳು.

ಹೆಂಡತಿ ಬಸ್ಸು ಹತ್ತಿ ಬಂದಳು. ತಲೆಗೆ ಎಣ್ಣೆ ಹಾಕಿ ಬಾಚಿ, ಒಳ್ಳೆಯ ಸೀರೆ ಉಟ್ಟು, ನೆಂಟರ ಮನೆಗೆ ಹೊರಟವಳ ಹಾಗೆ ಬಂದಿದ್ದಳು. ನರ್ಸು ತೋಳಿಗೆ ಪಟ್ಟಿ ಬಿಗಿದಾಗ ಅವಳ ಮುಖ ಅರಳಿತ್ತು. ರಕ್ತ ಕೊಡುವವರು ಅಷ್ಟು ಖುಷಿಯಲ್ಲಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಸಾಕಾ? ಇನ್ನೂ ತಗೊಳ್ಳಿ ಬೇಕಾದ್ರೆ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮುಟ್ಟಲಿಕ್ಕೆ ಬಿಡದಿದ್ರೆ ಏನಂತೆ, ಇಷ್ಟಾದ್ರೂ ನನ್ನಿಂದ ಆಯ್ತಲ್ಲ," ಎಂದಳು. ನಾನು ಕ್ಯಾಂಟೀನಿಗೆ ಹೋಗಿ ಚಹಾ ತಣ್ಣಗಿದೆಯೆಂದು ಅಲ್ಲಿಯವನ ಹತ್ತಿರ ವಿನಾಕಾರಣ ಜಗಳ ಮಾಡಿ ಬಂದೆ.

ವರದಿ ಬರುವವರೆಗೆ ಮಗುವಿನ ಜ್ವರ ಇಳಿದೂ ಏರಿಯೂ ನಮ್ಮನ್ನು ಆಟ ಆಡಿಸಿತು. ಹೊಕ್ಕುಳಿನ ಸುತ್ತಲಿನ ಕೆಂಪು ಹೊಟ್ಟೆಯ ಮೇಲೆ ಹರಡಿತು. ಒಂದು ಮಧ್ಯಾಹ್ನ ಡಾಕ್ಟರು ನಮ್ಮನ್ನು ಕೋಣೆಗೆ ಕರೆದರು. ಅಂದು ಅಮ್ಮನೂ ಬಂದಿದ್ದಳು. ನಾವು ನಾಲ್ವರೂ ಹೋದೆವು.

"ಮಗುವಿನ ಕಣಗಳು ಹೊಳೆಯಲಿಲ್ಲ. ಆದರೆ ಆರೋಗ್ಯವಂತರದ್ದು ಎಂದು ಕಳಿಸಿದ್ದೂ ಸರಿಯಾಗಿ ಹೊಳೆಯಲಿಲ್ಲ, ಇರಬೇಕಾದ್ದರ ಅರ್ಧದಷ್ಟು ಮಾತ್ರ. ರಕ್ತ ದಾರಿಯಲ್ಲಿ ಕೆಟ್ಟಿತಾ ಅಂತ ಲ್ಯಾಬಿನವರಿಗೆ ಸಂಶಯ. ಯಾರದ್ದು ಆ ರಕ್ತ?"

"ಇವಳದ್ದು. ನನ್ನ ಹೆಂಡತಿ," ಎಂದೆ.

"ಮಗುವಿಗೆ ಏನಾಗ್ಬೇಕು?"

"ರಕ್ತಸಂಬಂಧ ಇಲ್ಲ ಡಾಕ್ಟ್ರೇ," ಎಂದು ಅಮ್ಮ ಮುಂದೆ ಬಂದಳು. "ಬರಿ ಬೇರೆ. ಮಗುವಿನ ಅಪ್ಪನ ಅಕ್ಕ ಅಷ್ಟೆ."

ಡಾಕ್ಟರು ಪೆನ್ನನ್ನು ಮೇಜಿನ ಮೇಲಿಟ್ಟರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅಪ್ಪನ ಅಕ್ಕ, ಅಷ್ಟೆ," ಎಂದು ತಮಗೇ ಹೇಳಿಕೊಂಡರು.

ನನ್ನ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. "ಹಾಗಾದ್ರೆ ನನ್ನ ರಕ್ತವೂ ಸರಿ ಇಲ್ವಾ?" ಎಂದು ಕೇಳಿದಳು. ಆ ಧ್ವನಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕೈ ಸರಿಯಿಲ್ಲವೆಂದು ಆಗಲೇ ಒಮ್ಮೆ ತೀರ್ಪಾಗಿತ್ತು, ಈಗ ರಕ್ತದ ಸರದಿ. ಅಮ್ಮ ಏನೋ ಹೇಳಲು ಬಾಯಿ ತೆರೆದಳು. "ಅಮ್ಮಾ, ನೀನು ಒಂದಕ್ಷರ ಮಾತಾಡಿದ್ರೆ ನಾನು ಇಲ್ಲಿಂದ ಹಾಗೇ ಎದ್ದು ಹೋಗ್ತೇನೆ ನೋಡು," ಎಂದೆ.

ಡಾಕ್ಟರು ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿದರು. "ನಿಮಗೆ ಕಾಯಿಲೆ ಇಲ್ಲ. ಅರ್ಧ ಇದ್ದರೆ ಮನುಷ್ಯ ನೂರು ವರ್ಷ ಬದುಕ್ತಾನೆ. ಆದರೆ ಎರಡೂ ಕಡೆಯಿಂದ ಅರ್ಧದವರೇ ಸೇರಿದರೆ, ಕೆಲವು ಮಕ್ಕಳಿಗೆ ಪೂರ್ತಿ ಇಲ್ಲದಂತಾಗ್ತದೆ," ಎಂದು ಹೇಳಿ ನಮ್ಮ ಸಂಬಂಧಗಳನ್ನೆಲ್ಲ ಕೇಳಿ ಕಾಗದದ ಮೇಲೆ ಗೆರೆ ಎಳೆಯತೊಡಗಿದರು. ಎರಡು ಮದುವೆಯ ಗೆರೆಗಳು ಎರಡು ಕಡೆಯಿಂದ ಮೇಲೆ ಹೋಗಿ ಒಂದೇ ಜೋಡಿಯ ಹತ್ತಿರ ಕೂಡಿದವು. ಅದು ಅಮ್ಮನ ಅಪ್ಪ ಅಮ್ಮ. ಆ ಗೆರೆಗಳಲ್ಲಿ ಬರಿ ಎಲ್ಲೂ ಇರಲಿಲ್ಲ.

"ಈ ಮನೆತನದಲ್ಲಿ ಮೊದಲು ಮಕ್ಕಳು ಹೀಗೆ ಹೋದದ್ದು ಉಂಟಾ?" ಎಂದು ಕೇಳಿದರು.

"ಇಲ್ಲ, ನಮ್ಮಲ್ಲಿ ಹಾಗೆಲ್ಲ ಇಲ್ಲ," ಎಂದಳು ಅಮ್ಮ.

"ಉಂಟು," ಎಂದಳು ನನ್ನ ಹೆಂಡತಿ. "ನನ್ನ ಮಗು."

ಅತ್ತೆಯ ಮಾತಿಗೆ ಅವಳು ಎದುರು ಹೇಳಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಹೊಕ್ಕುಳು, ಕೆಂಪು, ಇಲ್ಲದ ಕೀವು, ಇಳಿಯದ ಜ್ವರ, ಎಲ್ಲವನ್ನೂ ನಿನ್ನೆ ಮೊನ್ನೆಯದೆಂಬಂತೆ ಹೇಳಿದಳು. ಡಾಕ್ಟರು ಎಲ್ಲವನ್ನೂ ಬರೆದುಕೊಂಡರು. ಮುಗಿದ ಮೇಲೆ ಮಗುವಿನ ರಕ್ತದ ಜೊತೆ ನನ್ನದನ್ನೂ ತಂಗಿಯದನ್ನೂ ಅವಳ ದೊಡ್ಡ ಮಗಳದನ್ನೂ ಮತ್ತೆ ಕಳಿಸೋಣ ಎಂದರು. "ಈ ಸಲವಾದ್ರೂ ಹೊರಗಿನವರನ್ನು ಕರ್ಕೊಂಡು ಬನ್ನಿ. ಯಾವ ಲೆಕ್ಕದಲ್ಲೂ ನೆಂಟರಲ್ಲದವರು."

ನನ್ನ ಅಂಗಡಿಯ ಪಕ್ಕದಲ್ಲಿ ಬ್ಯಾಟರಿ ಮಾರುವ ಬ್ಯಾರಿ ಮುಸ್ಲಿಂ ಗೆಳೆಯನೊಬ್ಬನಿದ್ದಾನೆ. ವಿಷಯ ಹೇಳಿದ್ದೇ ತಡ ಶಟರು ಎಳೆದ. "ಒಂದು ಟ್ಯೂಬು ರಕ್ತ ಕೇಳಲಿಕ್ಕೆ ಇಷ್ಟು ನಾಚಿಕೆ ಎಂತಕ್ಕೆ ಮಾರಾಯ, ಬೇಕಾದ್ರೆ ಬಕೆಟ್ ತುಂಬಾ ತೆಗೀಲಿ," ಎಂದ. ತಲಪಾಡಿ ದಾಟುವವರೆಗೂ ಕಾರಿನಲ್ಲಿ ಕುಶಾಲು ಮಾಡುತ್ತಲೇ ಇದ್ದ. ಆಸ್ಪತ್ರೆಯಲ್ಲಿ ಮಗುವನ್ನು ಕಂಡ. ವಾಪಸು ಬರುವಾಗ ಕಿಟಕಿಯ ಹೊರಗೇ ನೋಡುತ್ತಿದ್ದ.

ಈ ಸಲ ಸಂಶಯಕ್ಕೆ ಜಾಗವಿರಲಿಲ್ಲ. ಗೆಳೆಯನ ಕಣಗಳು ಪೂರ್ತಿ ಹೊಳೆದವು, ರಕ್ತ ದಾರಿಯಲ್ಲಿ ಕೆಟ್ಟಿರಲಿಲ್ಲ. ತಂಗಿಯದು ಅರ್ಧ. ನನ್ನದೂ ಅರ್ಧ. ದೊಡ್ಡ ಮಗಳದು ಪೂರ್ತಿ. ಮಗುವಿನದು ಕತ್ತಲೆ. ಮೊದಲ ಸಲವೇ ಸರಿಯಾದವರ ರಕ್ತ ಕಳಿಸಿದ್ದರೆ ಇದು ಎಷ್ಟೋ ದಿನ ಮೊದಲೇ ತಿಳಿಯುತ್ತಿತ್ತು, ಆ ದಿನಗಳಲ್ಲಿ ಮಗು ಇನ್ನಷ್ಟು ಸೊರಗಿತ್ತು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ.

ಡಾಕ್ಟರು ನನ್ನ ಹೆಂಡತಿಯನ್ನು ನೋಡಿ ಹೇಳಿದರು. "ನಿಮ್ಮ ಮಗುವಿನ ರಕ್ತ ನಮ್ಮ ಹತ್ತಿರ ಇಲ್ಲ, ಹಾಗಾಗಿ ಖಂಡಿತ ಅಂತ ಹೇಳಲಾರೆ. ಆದರೆ ನಿಮ್ಮದೂ ಅರ್ಧ, ಇವರದೂ ಅರ್ಧ, ನೀವು ಹೇಳಿದ ಲಕ್ಷಣ ಇದೇ. ನನಗೆ ಸಂಶಯ ಇಲ್ಲ. ನೀವು ಏನು ಹಚ್ಚಿದ್ದರೂ, ಏನೂ ಹಚ್ಚದಿದ್ದರೂ, ಅದು ಹಾಗೇ ಆಗ್ತಿತ್ತು."

ಹೆಂಡತಿ ಅಳಲಿಲ್ಲ. ಹೊರಗೆ ಬಂದು ಜಗಲಿಯ ಬೆಂಚಿನಲ್ಲಿ ಅಮ್ಮನ ಪಕ್ಕದಲ್ಲೇ ಕುಳಿತಳು.

"ಕೇಳಿತಾ ಅತ್ತೆ?"

"ಕೇಳಿತು."

"ಇಷ್ಟು ವರ್ಷ ನಾನು ಇದೇ ಕೈಯಿಂದ ಬಡಿಸಿದ್ದನ್ನು ಉಂಡಿರಿ. ಅನ್ನಕ್ಕೆ ಈ ಕೈ ಆಗ್ತಿತ್ತು. ಮಗುವಿಗೆ ಮಾತ್ರ ಆಗ್ತಿರಲಿಲ್ಲ."

ಅಮ್ಮನ ತಲೆ ತಗ್ಗಿತು. ಮಾತಿಗೆ ಮಾತು ಕೊಡದೆ ಬಿಟ್ಟವಳಲ್ಲ ಅವಳು. ಆವತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಳು. ಕೊನೆಗೆ, "ಅದು ನನ್ನಿಂದಲೇ ಬಂದದ್ದಾ? ನನ್ನಿಂದ, ಅಣ್ಣನಿಂದ?" ಎಂದು ನನ್ನನ್ನು ಕೇಳಿದಳು. ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ಯಾರಿಂದಲೂ ಅಲ್ಲವೆಂದೆ. ಅವಳು ನಂಬಲಿಲ್ಲ. ಇಬ್ಬರು ಮಕ್ಕಳನ್ನೂ ಅಣ್ಣನ ಮನೆಗೇ ಬೆಸೆದದ್ದು ಅವಳ ಬದುಕಿನ ದೊಡ್ಡ ಹೆಮ್ಮೆಯಾಗಿತ್ತು. ನನಗೆ ಅವಳನ್ನು ಕಂಡು ಅಯ್ಯೋ ಅನಿಸಿತು, ಅದೇ ಹೊತ್ತಿಗೆ ಸಿಟ್ಟೂ ಬಂತು, ಎರಡೂ ಈಗಲೂ ಹೋಗಿಲ್ಲ.

ತಂಗಿಯ ದೊಡ್ಡ ಮಗಳ ಮಜ್ಜೆ ತಮ್ಮನಿಗೆ ಹೊಂದುತ್ತದೆಂದು ಗೊತ್ತಾಯಿತು. ಅದನ್ನು ಮಾಡುವ ಆಸ್ಪತ್ರೆ ದೂರದ ಊರಿನಲ್ಲಿತ್ತು, ತಿಂಗಳುಗಟ್ಟಲೆ ಅಲ್ಲೇ ಇರಬೇಕಿತ್ತು. ತಂಗಿಯ ಗಂಡ ರಜೆ ಹಾಕಿ ಬಂದ, ಹಣ ಔಷಧಿಯ ಓಡಾಟವೆಲ್ಲ ಅವನದು. ತಂಗಿ ಹುಡುಗಿಯನ್ನು ನೋಡಿಕೊಳ್ಳಬೇಕು, ಸೋಂಕು ತಾಗದ ಹಾಗೆ ಇಡುವ ಗಾಜಿನ ಕೋಣೆಯೊಳಗೆ ಮಗುವಿನ ಜೊತೆ ಒಬ್ಬರು ಬೇಕು. ಯಾರು ಹೋಗುವುದೆಂಬ ಮಾತು ಬಂದಾಗ ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅವಳೇ ಹೋಗಲಿ. ಮಗುವಿನ ಕಷ್ಟ ಮೊದಲು ಕಂಡದ್ದು ಅವಳಿಗೇ ಅಲ್ವಾ," ಎಂದಳು. ಹೆಂಡತಿಯ ಮುಖ ನೋಡಿ ಹೇಳಲಿಲ್ಲ, ಬಾಗಿಲಿನ ದಾರಂದಕ್ಕೆ ಹೇಳಿದಳು.

ಅಲ್ಲಿಂದ ಹೆಂಡತಿ ದಿನವೂ ಫೋನು ಮಾಡುತ್ತಿದ್ದಳು. ಮಜ್ಜೆ ಹಾಕುವ ಮೊದಲು ಕೊಟ್ಟ ಔಷಧಿಗೆ ಕೂದಲು ಉದುರಿತು, ಬಾಯಿ ಹುಣ್ಣಾಯಿತು, ಹಾಲು ಹಿಡಿಸಲಿಲ್ಲ, ಎರಡು ಚಮಚ ಹಿಡಿಸಿತು. ಒಂದು ವಾರ ಫೋನು ಬಂದಾಗಲೆಲ್ಲ ಗಿರಾಕಿಯನ್ನು ಬಿಟ್ಟು ಅಂಗಡಿಯಿಂದ ಹೊರಗೆ ಓಡುತ್ತಿದ್ದೆ. ಒಂದು ದಿನ ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದಿದ್ದಾಗ ಕರೆ ಬಂತು.

"ಆ ಹೊಳೆಯುವ ಪರೀಕ್ಷೆಯನ್ನು ಇಲ್ಲಿಯೂ ಮಾಡಿದ್ರು. ಇವನ ಅಕ್ಕನ ಕಣ ಒಳಗೆ ಬೇರು ಹಿಡಿದಿದೆಯಂತೆ. ಹೆಚ್ಚಿನ ಕಣಗಳು ಈಗ ಹೊಳೆಯುತ್ತಾ ಉಂಟಂತೆ," ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. "ಹೊಕ್ಕುಳು ಒಣಗಿದೆ. ನಾನೇ ಒರೆಸಿದ್ದು ಇವತ್ತು."

"ದೇವರು ದೊಡ್ಡವನು ಮಾರಾಯ್ತಿ," ಎಂದೆ.

ಫೋನು ಕಟ್ಟಾಯಿತೆಂದು ಹಲೋ ಹಲೋ ಎಂದೆ.

"ಇದ್ದೇನೆ," ಎಂದಳು. "ಡಾಕ್ಟ್ರ ಹತ್ತಿರ ಒಂದು ಕೇಳಿದೆ. ನಮ್ಮ ಮಗು ಹುಟ್ಟಿದ ಸಮಯದಲ್ಲಿ ಈ ಪರೀಕ್ಷೆ ಇತ್ತಾ ಅಂತ."

"ಎಂತ ಹೇಳಿದ್ರು?"

"ಇತ್ತಂತೆ."

ಅವಳೇ ಫೋನು ಇಟ್ಟಳು. ನಾನು ಅನ್ನದ ಬಟ್ಟಲಿನ ಎದುರು ಕೂತೇ ಇದ್ದೆ.

"ಎಂತ ಹೇಳಿದಳು? ಮಗು ಹೇಗುಂಟಂತೆ?" ಎಂದು ಅಮ್ಮ ಒಳಗಿನಿಂದ ಕೇಳಿದಳು.

"ಬದುಕಿದೆಯಂತೆ," ಎಂದೆ.